ಗಣಿ ಮುಚ್ಚಿತು, ಎದೆಯ ದೂಳು ಉಳಿಯಿತು

ಕೋಲಾರದ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಆ ದಿನವನ್ನು ತಮಿಳುನಾಡಿನ ರಾಯಕೋಟೆ, ಹೊಸೂರು, ಕೃಷ್ಣಗಿರಿ ಸೀಮೆಯವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ರಾಜ್ಯದ ಗಡಿ ನಡುವೆ ಬಂದರೂ ಗಣಿ ನಮ್ಮದೂ ಆಗಿತ್ತು. ತಾತನೋ ದೊಡ್ಡಪ್ಪನೋ ಸೋದರಮಾವನೋ ‘ಗಣಿಗೆ ಹೋದ’ ಮನೆಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿದ್ದವು. ಗಣಿಯ ಕಥೆ ಹೇಳುವಾಗಲೆಲ್ಲ ಮೊದಲು ಬಾಯಿಗೆ ಬರುವುದು ಚಿನ್ನದ ಲೆಕ್ಕ. ನೂರಿಪ್ಪತ್ತು ವರ್ಷಗಳಲ್ಲಿ ತೆಗೆದ ಸುಮಾರು 800 ಟನ್ ಚಿನ್ನ, ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದ ಚಾಂಪಿಯನ್ ರೀಫ್ ಗಣಿ, 1902ರಲ್ಲಿ ಶಿವನಸಮುದ್ರದಿಂದ ತಂತಿ ಎಳೆದು ತಂದ ವಿದ್ಯುತ್ತು, ಆ ಆಳದಲ್ಲೇ 1965ರಲ್ಲಿ ವಿಜ್ಞಾನಿಗಳು ಗುರುತಿಸಿದ ನ್ಯೂಟ್ರಿನೊ. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೆ ಗಣಿಯ ಜೊತೆಗೇ ಬಾಗಿಲು ಹಾಕಿದ ಆಸ್ಪತ್ರೆಯ ಲೆಕ್ಕವನ್ನು ಯಾರೂ ಸರಿಯಾಗಿ ತೆಗೆದಿಲ್ಲ. ಅದನ್ನು ತೆಗೆಯಬೇಕಾದರೆ ಗಣಿಗಿಂತ ಹಿಂದಕ್ಕೆ, ಒಂದು ಬರಗಾಲದ ತನಕ ಹೋಗಬೇಕು.

1876ರಿಂದ 78ರವರೆಗಿನ ಆ ಮಹಾ ಬರವನ್ನು ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದೇ ಕರೆಯುತ್ತಿದ್ದರು. ಮೈಸೂರು ಸೀಮೆಯಲ್ಲಿ ಐದರಲ್ಲೊಂದು ಪಾಲು ಜನ ಸತ್ತರೆಂಬ ಅಂದಾಜು ಇದೆ. ಅಂದು ಸೇಲಂ ಜಿಲ್ಲೆಯಲ್ಲಿದ್ದ ನಮ್ಮ ಭಾಗವೂ ಉತ್ತರ ಆರ್ಕಾಟೂ ಅದಕ್ಕಿಂತ ಸುಖವಾಗೇನೂ ಇರಲಿಲ್ಲ. ನೆಲವಿಲ್ಲದವರು, ಇದ್ದ ತುಂಡು ನೆಲ ಕಳೆದುಕೊಂಡವರು ಕೂಲಿ ಹುಡುಕಿ ಎತ್ತಲೆತ್ತಲೋ ಹೊರಟರು. ಕೆಲವರು ಸಿಲೋನಿನ ತೋಟಗಳಿಗೆ ಹೋದರು, ಕೆಲವರು ಸಮುದ್ರ ದಾಟಿದರು. ಉಳಿದವರಿಗೆ ಹತ್ತಿರದಲ್ಲೇ ಒಂದು ದಾರಿ ತೆರೆಯಿತು. ಮೈಕೇಲ್ ಲವೆಲ್ ಎಂಬ ಮಾಜಿ ಸೈನಿಕನಿಗೆ ಮೈಸೂರು ಸರ್ಕಾರ 1875ರಲ್ಲಿ ಕೊಟ್ಟಿದ್ದ ಪರವಾನಗಿ ಕೈ ಬದಲಾಯಿಸುತ್ತ ಹೋಯಿತು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಅಲ್ಲಿ ಕಾಲೂರಿತು. ಬರ ತಳ್ಳಿದ ಜನರನ್ನು ಗಣಿ ಎಳೆದುಕೊಂಡಿತು.

ಇಲ್ಲಿ ನಮ್ಮೂರಿನ ಒಂದು ಮಾತನ್ನು ಸೇರಿಸಬೇಕು. ರಾಯಕೋಟೆಯ ದುರ್ಗ 1791ರಲ್ಲಿ ಟಿಪ್ಪುವಿನ ಕೈತಪ್ಪಿ ಇಂಗ್ಲಿಷರ ವಶವಾಯಿತು. ಆಮೇಲೆ ದೀರ್ಘ ಕಾಲ ಇಲ್ಲೊಂದು ದಂಡು ಇತ್ತು. ಹವೆ ಚೆನ್ನಾಗಿದೆ, ಮೈಗೆ ಒಗ್ಗುತ್ತದೆ ಎಂದು ಸೇನೆಯಿಂದ ಪಿಂಚಣಿ ಪಡೆದ ಬಿಳಿಯರು ಇಲ್ಲಿ ನೆಲೆಸುವುದನ್ನು ಇಷ್ಟಪಡುತ್ತಿದ್ದರೆಂದು ಹಳೆಯ ಗೆಜೆಟಿಯರುಗಳಲ್ಲಿ ದಾಖಲಾಗಿದೆ. ಗಾಳಿ ಒಳ್ಳೆಯದೆಂದು ದೂರದೇಶದವರು ಬಂದು ಉಳಿಯುತ್ತಿದ್ದ ಸೀಮೆಯಿಂದಲೇ ನಮ್ಮವರು ಗಾಳಿಯೇ ಆಡದ ಆಳಕ್ಕೆ ಇಳಿಯಲು ಹೊರಟರು.

ಗಣಿ ಕಂಪನಿಯ ಊರಿನಲ್ಲಿ ಎಲ್ಲವೂ ಬೇರೆ ಬೇರೆಯಾಗಿತ್ತು. ದೊರೆಗಳಿಗೆ ಬಂಗಲೆ, ಕ್ಲಬ್, ಗಾಲ್ಫ್ ಬಯಲು. ಕೂಲಿಗಳಿಗೆ ಬಿದಿರು ತಟ್ಟಿಯ ಗುಡಿಸಲುಗಳ ಸಾಲು, ಅಂದರೆ ‘ಲೈನ್’. ಆಸ್ಪತ್ರೆ ಮಾತ್ರ ಕಂಪನಿಗೆ ಆರಂಭದ ವರ್ಷಗಳಿಂದಲೇ ಅನಿವಾರ್ಯವಾಯಿತು. ಕಾರಣ ಸರಳವಾದದ್ದು: ಗಣಿ ಆಳಕ್ಕೆ ಇಳಿದಷ್ಟೂ ಬಂಡೆ ಮುನಿಯುತ್ತಿತ್ತು. ಸುತ್ತಲಿನ ಕಲ್ಲನ್ನು ಕೊರೆದು ತೆಗೆದ ಮೇಲೆ ಉಳಿದ ಕಂಬಗಳ ಮೇಲೆ ಬೀಳುವ ಭಾರ ಸಹಿಸಲಾಗದ ಮಟ್ಟ ಮುಟ್ಟಿದಾಗ ಬಂಡೆ ಒಮ್ಮೆಲೇ ಸಿಡಿಯುತ್ತಿತ್ತು. ಮೊದಮೊದಲು ಅದಕ್ಕೆ ‘ಏರ್ ಬ್ಲಾಸ್ಟ್’ ಎನ್ನುತ್ತಿದ್ದರು, ಆಮೇಲೆ ‘ರಾಕ್ ಬರ್ಸ್ಟ್’ ಎಂಬ ಹೆಸರು ಬಂತು. ಮೇಲಿನ ಊರಿನಲ್ಲಿ ಅದು ಸಣ್ಣ ಭೂಕಂಪದಂತೆ ಅನುಭವಕ್ಕೆ ಬರುತ್ತಿತ್ತು. ನೆಲ ನಡುಗಿ ಪಾತ್ರೆಗಳು ಉರುಳಿದರೆ, ಗೋಡೆ ಬಿರಿದರೆ, ಹೆಂಗಸರು ಒಲೆ ಮೇಲಿನದನ್ನು ಹಾಗೇ ಬಿಟ್ಟು ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಪಂಜರದಂಥ ಲಿಫ್ಟು ಮೇಲೆ ಬಂದು ಯಾರು ಇಳಿಯುತ್ತಾರೆ, ಯಾರನ್ನು ಇಳಿಸುತ್ತಾರೆ ಎಂದು ನೋಡುತ್ತ ನಿಲ್ಲುತ್ತಿದ್ದರು. ಅಲ್ಲಿಂದ ಮುಂದಿನ ದಾರಿ ಆಸ್ಪತ್ರೆಗೆ. ಭೂಮಿಯ ಕೋಪವೋ ಮನುಷ್ಯನ ಅತಿಯಾಸೆಯೋ ಎಂದು ಬೇರ್ಪಡಿಸಲಾಗದ ಈ ಅವಘಡವನ್ನು ಅಭ್ಯಾಸ ಮಾಡಲು 1988ರಲ್ಲಿ ಗಣಿಯ ಊರಾದ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಹುಟ್ಟಿತು. ಅಷ್ಟು ಹೊತ್ತಿಗೆ ಗಣಿಯ ಆಯುಸ್ಸು ತೀರುತ್ತ ಬಂದಿತ್ತು.

ಇದಕ್ಕೆಲ್ಲ ಬಹಳ ಮುಂಚೆ, ಗಣಿಯ ಆರಂಭದ ದಶಕಗಳಲ್ಲೇ, ಪ್ಲೇಗು ಬಂದು ಹೋಗಿತ್ತು. 1898ರ ಆಗಸ್ಟಿನಲ್ಲಿ ಅದು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಇಳಿದಾಗ ಜನ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಂಡರು. ಇಂದಿಗೂ ನಮ್ಮ ಭಾಗದಲ್ಲಿ ಪ್ಲೇಗಮ್ಮನ ಗುಡಿಗಳಿವೆ. ಆ ಕಾಲದ ಆಡಳಿತವನ್ನು ಹೊಗಳಲು ಹೆಚ್ಚು ಕಾರಣಗಳಿಲ್ಲವಾದರೂ ಒಂದನ್ನು ಒಪ್ಪಬೇಕು. ಬೆಂಗಳೂರಿನಲ್ಲಿ 1897ರಲ್ಲಿ ಶಂಕುಸ್ಥಾಪನೆಯಾಗಿದ್ದ ವಿಕ್ಟೋರಿಯಾ ಆಸ್ಪತ್ರೆ ಅಂಥ ಪ್ಲೇಗಿನ ನಡುವೆಯೂ ಮೇಲೆದ್ದಿತು, 1900ರ ಡಿಸೆಂಬರಿನಲ್ಲಿ ಬಾಗಿಲು ತೆರೆಯಿತು. ವಿಪತ್ತು ಬಂದಿದೆ ಎಂದು ಕೆಲಸ ನಿಲ್ಲಲಿಲ್ಲ. ಆ ಆಸ್ಪತ್ರೆಯ ಮೆಟ್ಟಿಲು ಹತ್ತಿದವರು ನಮ್ಮಲ್ಲೂ ಎಷ್ಟೋ ಜನ ಇದ್ದಾರೆ.

ಗಣಿಯ ಆಸ್ಪತ್ರೆಗೆ ನಿಜವಾದ ಮಹತ್ವ ಬಂದದ್ದು ಮುರಿದ ಮೂಳೆಗಳಿಂದಲ್ಲ, ದೂಳಿನಿಂದ. ಚಿನ್ನ ಅಡಗಿದ್ದ ಬಂಡೆ ಬೆಣಚುಕಲ್ಲು. ಅದನ್ನು ಕೊರೆದಾಗ ಏಳುವ ದೂಳಿನ ಕಣ ಕಣ್ಣಿಗೆ ಕಾಣದಷ್ಟು ಸಣ್ಣದು. ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶದ ತುದಿಯವರೆಗೂ ತಲುಪಿ ಅಲ್ಲೇ ಕೂರುತ್ತದೆ. ದೇಹ ಅದನ್ನು ಕರಗಿಸಲಾರದು, ಹೊರಗೆ ಹಾಕಲಾರದು. ಅದರ ಸುತ್ತ ಗಂಟು ಕಟ್ಟುತ್ತ ಹೋಗುತ್ತದೆ. ವರ್ಷಗಳು ಕಳೆದಂತೆ ಶ್ವಾಸಕೋಶ ಗಡುಸಾಗಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಅಂಥ ಎದೆಗೆ ಕ್ಷಯ ಬೇಗ ಅಂಟುತ್ತದೆ. ಸಿಲಿಕೋಸಿಸ್ ಎಂಬ ಈ ರೋಗ ಭಾರತದ ವೈದ್ಯಕೀಯ ದಾಖಲೆಗೆ ಬಂದದ್ದೇ ಕೋಲಾರದ ಗಣಿಯಿಂದ, 1947ರಲ್ಲಿ. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅಲ್ಲಿನ ವೈದ್ಯರು ಏಳೂವರೆ ಸಾವಿರಕ್ಕೂ ಮಿಕ್ಕಿದ ಕೆಲಸಗಾರರ ಎದೆ ಪರೀಕ್ಷಿಸಿದ್ದರು. ನೂರಕ್ಕೆ ಸುಮಾರು 44 ಮಂದಿಯಲ್ಲಿ ರೋಗದ ಗುರುತು ಇತ್ತು. ಆ ಅಧ್ಯಯನದಲ್ಲಿ ತೊಡಗಿದ್ದ ಡಾ. ಆಂಟನಿ ಕ್ಯಾಪ್ಲನ್ ಮುಂದೆ ಬ್ರಿಟನ್ನಿಗೆ ಮರಳಿ, 1953ರಲ್ಲಿ ವೇಲ್ಸಿನ ಕಲ್ಲಿದ್ದಲ ಗಣಿಯವರಲ್ಲಿ ಸಂಧಿವಾತದೊಂದಿಗೆ ಬರುವ ಒಂದು ಬಗೆಯ ಶ್ವಾಸಕೋಶದ ಗಂಟುಗಳನ್ನು ವಿವರಿಸಿದರು. ಇಂದು ಜಗತ್ತಿನ ವೈದ್ಯ ವಿದ್ಯಾರ್ಥಿಗಳು ಅದನ್ನು ಕ್ಯಾಪ್ಲನ್ ಸಿಂಡ್ರೋಮ್ ಎಂದು ಓದುತ್ತಾರೆ. ಕೋಲಾರದಲ್ಲಿ ನಮ್ಮವರ ಎದೆಯ ಕ್ಷ-ಕಿರಣ ಚಿತ್ರಗಳನ್ನು ನೋಡಿ ಪಳಗಿದ ಕಣ್ಣು ಅದು.

ಆ ಚಿತ್ರಗಳನ್ನು ಗಣಿಯವರ ಮನೆಗಳಲ್ಲಿ ಕಂಡವರಿಗೆ ಗೊತ್ತು. ಕಂದು ಬಣ್ಣದ ದೊಡ್ಡ ಲಕೋಟೆ, ಮೂಲೆಯಲ್ಲಿ ಕೆಲಸಗಾರನ ಟೋಕನ್ ನಂಬರು. ಪೆಟ್ಟಿಗೆಯ ತಳದಲ್ಲಿ ಮದುವೆ ಸೀರೆ, ಮನೆ ಪತ್ರಗಳ ಜೊತೆ ಇಟ್ಟಿರುತ್ತಿದ್ದರು. ಕಿಟಕಿಗೆ ಹಿಡಿದರೆ ಕಪ್ಪು ಎದೆಗೂಡಿನೊಳಗೆ ಸಾಸಿವೆ ಎರಚಿದಂತೆ ಬಿಳಿ ಚುಕ್ಕೆಗಳು. ಓದು ಬಾರದ ಮುದುಕಿಯರೂ ಅದನ್ನು ಓದುತ್ತಿದ್ದರು. ಚುಕ್ಕೆ ಹೆಚ್ಚಾಗಿದೆಯೇ, ಹಾಗೇ ಇದೆಯೇ ಎಂದು ಎರಡು ಚಿತ್ರಗಳನ್ನು ಅಕ್ಕಪಕ್ಕ ಹಿಡಿದು ಹೇಳುತ್ತಿದ್ದರು. ಆಸ್ಪತ್ರೆ ಇದ್ದಷ್ಟು ಕಾಲ ಆ ಹೋಲಿಕೆ ಮಾಡುವ ವೈದ್ಯರೂ ಇದ್ದರು. ಹತ್ತು ವರ್ಷದ ಹಿಂದಿನ ಎದೆ ಹೇಗಿತ್ತು, ಇಂದು ಹೇಗಿದೆ ಎಂಬ ಜ್ಞಾನ ಒಂದೇ ಸೂರಿನಡಿ ಇತ್ತು. ಒಂದು ಆಸ್ಪತ್ರೆಯ ಆಸ್ತಿ ಎಂದರೆ ಕಟ್ಟಡಕ್ಕಿಂತ, ಹಾಸಿಗೆಗಳಿಗಿಂತ ಹೆಚ್ಚಾಗಿ ಇದೇ ಎಂದು ನನ್ನ ನಂಬಿಕೆ.

ಸ್ವಾತಂತ್ರ್ಯ ಬಂದ ಮೇಲೆ ಗಣಿ ಬಿಳಿಯರ ಕೈ ಬಿಟ್ಟಿತು. 1956ರಲ್ಲಿ ಮೈಸೂರು ಸರ್ಕಾರ ವಹಿಸಿಕೊಂಡಿತು, 1962ರಲ್ಲಿ ಕೇಂದ್ರಕ್ಕೆ ಹೋಯಿತು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ (ಬಿಜಿಎಂಎಲ್) ಆಯಿತು. ‘ನಮ್ಮ ಸರ್ಕಾರದ ಗಣಿ’ ಎಂಬ ಮಾತಿನಲ್ಲಿ ಅಂದು ದೊಡ್ಡ ಭರವಸೆ ಇತ್ತು. ಅದರ ಪಾಲು ಆಸ್ಪತ್ರೆಗೂ ಸಿಕ್ಕಿತು. ಹೆರಿಗೆ, ಮಕ್ಕಳ ಜ್ವರ, ಮುದುಕರ ಕಣ್ಣು, ಎಲ್ಲಕ್ಕೂ ಬಿಜಿಎಂಎಲ್ ಆಸ್ಪತ್ರೆಯೇ ದಿಕ್ಕಾಗಿತ್ತು. ಗಣಿಯವರ ಮನೆಗೆ ಹೆಣ್ಣು ಕೊಡುವಾಗ ನಮ್ಮ ಕಡೆಯವರು ಸಂಬಳದ ಜೊತೆ ಕ್ವಾರ್ಟರ್ಸ್ ಮತ್ತು ಆಸ್ಪತ್ರೆಯನ್ನೂ ಎಣಿಕೆಗೆ ತೆಗೆದುಕೊಳ್ಳುತ್ತಿದ್ದರು. ಆದರೆ ಲೆಕ್ಕದ ಪುಸ್ತಕ ಬೇರೆಯೇ ಕಥೆ ಹೇಳುತ್ತಿತ್ತು. ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿಯುತ್ತ ಬಂತು, ಆಳ ಹೆಚ್ಚಿದಂತೆ ಖರ್ಚು ಹೆಚ್ಚಿತು. ಬಹುಕಾಲ ಗಣಿಯ ಚಿನ್ನವನ್ನು ಸರ್ಕಾರ ಮಾರುಕಟ್ಟೆಗಿಂತ ಬಲು ಕಡಿಮೆ ಇದ್ದ ಅಂತರರಾಷ್ಟ್ರೀಯ ಅಧಿಕೃತ ದರದಲ್ಲೇ ತೆಗೆದುಕೊಂಡಿತ್ತು. ಹಾಗೆ ಕಾಣಿಸಿದ ನಷ್ಟ ಎಷ್ಟು ನಿಜ ಎಂಬ ಪ್ರಶ್ನೆಯನ್ನು ಕಾರ್ಮಿಕ ಸಂಘಗಳು ಕೇಳುತ್ತಲೇ ಇದ್ದವು. 1992ರಲ್ಲಿ ಕಂಪನಿ ರೋಗಗ್ರಸ್ತ ಉದ್ಯಮಗಳ ಮಂಡಳಿಯ ಮುಂದೆ ಹೋಯಿತು. ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಒಂದು ಕಾಲಕ್ಕೆ ಮೂವತ್ತು ಸಾವಿರ ಕೆಲಸಗಾರರಿದ್ದ ಕಡೆ ಕೊನೆಗೆ ಉಳಿದಿದ್ದವರು ಮೂರು ಸಾವಿರ ಚಿಲ್ಲರೆ ಮಂದಿ. ಪರಿಹಾರದ ಕಾಗದಕ್ಕೆ ಸಹಿ ಹಾಕಿ ಅವರು ಮನೆಗೆ ಬಂದರು. ಮರುದಿನದಿಂದ ಮಕ್ಕಳು ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೊರಟರು.

ಈ ಮುಚ್ಚುವಿಕೆಯಲ್ಲಿ ಒಂದು ಘೋರ ತಪ್ಪು ನಡೆದದ್ದು ಯಾರ ಗಮನಕ್ಕೂ ಬರಲಿಲ್ಲ. ಸಿಲಿಕೋಸಿಸ್ ಇಂದು ದೂಳು ಕುಡಿದರೆ ನಾಳೆ ಬರುವ ಕಾಯಿಲೆಯಲ್ಲ. ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷದ ನಂತರ ಮುಖ ತೋರಿಸುತ್ತದೆ. ದೂಳಿನಿಂದ ದೂರ ಬಂದ ಮೇಲೂ ಒಳಗೆ ಬೆಳೆಯುತ್ತಲೇ ಇರುತ್ತದೆ. 1985ರಲ್ಲಿ ಇಪ್ಪತ್ತರ ಹುಡುಗನಾಗಿ ಶಾಫ್ಟ್ ಇಳಿದವನು 2001ರಲ್ಲಿ ಮೂವತ್ತಾರರ ಗಂಡಸು, ನೋಡಲು ಗಟ್ಟಿಮುಟ್ಟು. ಅವನ ಎದೆ ಕೈಕೊಡುವುದು 2010ರಲ್ಲೋ 2015ರಲ್ಲೋ. ಅಂದರೆ ಗಣಿಯ ಕೊನೆಯ ತಲೆಮಾರಿಗೆ ಆಸ್ಪತ್ರೆ ಅತ್ಯಂತ ಬೇಕಾಗುವ ಕಾಲ ಶುರುವಾಗುವ ಹೊತ್ತಿಗೇ ಆಸ್ಪತ್ರೆಯನ್ನು ಮುಚ್ಚಲಾಯಿತು. ಚಿನ್ನ ಮುಗಿದ ದಿನ ಗಣಿಯ ಖಾತೆ ಮುಗಿಯಿತೆಂದು ಬಗೆದವರು ದೂಳಿನ ಖಾತೆ ಇನ್ನೂ ಮೂವತ್ತು ವರ್ಷ ತೆರೆದಿರುತ್ತದೆ ಎಂಬುದನ್ನು ಎಣಿಸಲೇ ಇಲ್ಲ. ಯಂತ್ರಗಳನ್ನು ಗುಜರಿಗೆ ಎಷ್ಟಕ್ಕೆ ಮಾರಬಹುದು, ಭೂಮಿ ಎಷ್ಟು ಎಕರೆ ಇದೆ ಎಂದು ಬರೆದಿಟ್ಟ ಪಟ್ಟಿಯಲ್ಲಿ ಆ ಎದೆಗಳು ಬರಲಿಲ್ಲ.

ಈ ನಡುವೆ ಸುತ್ತಮುತ್ತ ಗಳಿಕೆಯೇ ಆಗಿಲ್ಲ ಎಂದರೆ ಅನ್ಯಾಯವಾದೀತು. ಕೋಲಾರದ ಟಮಕದಲ್ಲಿ ದೇವರಾಜ ಅರಸು ಹೆಸರಿನ ವೈದ್ಯಕೀಯ ಕಾಲೇಜು ಮುಂಚೆಯೇ ಇತ್ತು. ಗಡಿಯಾಚೆ ಆಂಧ್ರದ ಕುಪ್ಪಂನಲ್ಲಿ ದೊಡ್ಡ ಆಸ್ಪತ್ರೆ ಬಂತು. 2004ರಲ್ಲಿ ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾಯಿತು, 2022ರ ಜನವರಿಯಲ್ಲಿ ಜಿಲ್ಲೆಗೆ ಸರ್ಕಾರಿ ವೈದ್ಯಕೀಯ ಕಾಲೇಜು ಸಿಕ್ಕಿತು. ಹೊಸೂರು ಕೈಗಾರಿಕಾ ನಗರವಾಗಿ ಖಾಸಗಿ ಆಸ್ಪತ್ರೆಗಳಿಂದ ತುಂಬಿತು. ರಾಯಕೋಟೆಯ ಟೊಮೆಟೊ ಮಂಡಿಯ ಹಮಾಲಿಗೆ ಎದೆನೋವು ಬಂದರೆ ಇಂದು ಒಂದು ಗಂಟೆಯೊಳಗೆ ವೈದ್ಯರ ಮುಂದೆ ಇರಬಹುದು. ನಮ್ಮ ತಂದೆಯ ಕಾಲದಲ್ಲಿ ಇದು ಕನಸು. ಆದರೆ ಈ ಆಸ್ಪತ್ರೆಗಳಿಗೆ ಮಾಜಿ ಗಣಿಯವನು ಹೋಗಿ ಕೆಮ್ಮಿದರೆ ‘ಬೀಡಿ ಸೇದುತ್ತೀರಾ’ ಎಂಬುದು ಮೊದಲ ಪ್ರಶ್ನೆ. ಅವನು ಎಷ್ಟು ವರ್ಷ ಯಾವ ಲೆವೆಲ್‌ನಲ್ಲಿ ಡ್ರಿಲ್ ಹಿಡಿದಿದ್ದ ಎಂದು ಕೇಳುವವರು ವಿರಳ.

ಆಸ್ಪತ್ರೆ ಹೀಗೆ ಜನರ ಕೈತಪ್ಪಿದ ಇನ್ನೊಂದು ಕಥೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ್ದು. ಅಲ್ಲಿನ ಚಾರಿಟಿ ಆಸ್ಪತ್ರೆ 1736ರಲ್ಲಿ ಶುರುವಾದದ್ದು. ಜಾನ್ ಲೂಯಿ ಎಂಬ ಫ್ರೆಂಚ್ ನಾವಿಕ ಸಾಯುವಾಗ ತನ್ನ ಉಳಿಕೆಯನ್ನೆಲ್ಲ ಬಡವರ ಆಸ್ಪತ್ರೆಗೆಂದು ಬರೆದಿಟ್ಟಿದ್ದ. 1779ರ ಚಂಡಮಾರುತ ಅದರ ಕಟ್ಟಡವನ್ನು ನೆಲಸಮ ಮಾಡಿತು, ಊರು ಮತ್ತೆ ಕಟ್ಟಿತು. 1809ರಲ್ಲಿ ಬೆಂಕಿ ಸುಟ್ಟಿತು, ಊರು ಮತ್ತೆ ಕಟ್ಟಿತು. 1939ರಲ್ಲಿ ಇಪ್ಪತ್ತು ಅಂತಸ್ತಿನ, 2,680 ಹಾಸಿಗೆಗಳ ಕಟ್ಟಡ ಎದ್ದಿತು. ಕರಿಯರಿಗೆ ಒಂದು ರೆಕ್ಕೆ, ಬಿಳಿಯರಿಗೆ ಒಂದು ಎಂಬ ಕಳಂಕದೊಂದಿಗೇ ಅದು ಬಡವರ ಪಾಲಿನ ಆಸರೆಯಾಗಿತ್ತು. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಬಂತು, ಒಡ್ಡುಗಳು ಒಡೆದವು, ತಳಮನೆಗೆ ನೀರು ನುಗ್ಗಿ ವಿದ್ಯುತ್ ಹೋಯಿತು. ದಾದಿಯರು, ವೈದ್ಯರು ಕೈಯಿಂದ ಚೀಲ ಒತ್ತುತ್ತ ರೋಗಿಗಳಿಗೆ ಉಸಿರು ಕೊಟ್ಟರು. ಎದುರಿನ ಖಾಸಗಿ ಆಸ್ಪತ್ರೆಯಿಂದ ಹೆಲಿಕಾಪ್ಟರುಗಳು ರೋಗಿಗಳನ್ನು ಸಾಗಿಸುತ್ತಿದ್ದಾಗ ಇವರು ದಿನಗಟ್ಟಲೆ ಕಾದರು. ನೀರು ಇಳಿದ ಮೇಲೆ ಸೈನಿಕರೂ ಸಿಬ್ಬಂದಿಯೂ ಸೇರಿ ಕೆಳಗಿನ ಅಂತಸ್ತುಗಳನ್ನು ತೊಳೆದು ಕೆಲವೇ ವಾರಗಳಲ್ಲಿ ಸಿದ್ಧ ಮಾಡಿದರು. ರಾಜ್ಯ ಸರ್ಕಾರ ಮಾತ್ರ ಬಾಗಿಲು ತೆರೆಯಲಿಲ್ಲ. ಕಟ್ಟಡದ ಚೌಕಟ್ಟು ಗಟ್ಟಿಯಾಗಿದೆ, ಒಳಗೆ ಹೊಸದಾಗಿ ಆಸ್ಪತ್ರೆ ಮಾಡಬಹುದು ಎಂದು 2008ರಲ್ಲಿ ತಜ್ಞರು ವರದಿ ಕೊಟ್ಟರೂ ಕೇಳಲಿಲ್ಲ. ಹಾನಿಯ ಬಾಬ್ತು ಕೇಂದ್ರದಿಂದ 47.5 ಕೋಟಿ ಡಾಲರ್ ಬಂತು. ಪಕ್ಕದ ಬಡಾವಣೆಯ ಹಳೆಯ ಮನೆಗಳನ್ನು ಕೆಡವಿ ಕಟ್ಟಿದ ಹೊಸ ಆಸ್ಪತ್ರೆ ತೆರೆದದ್ದು 2015ರಲ್ಲಿ. ನಡುವಿನ ಹತ್ತು ವರ್ಷ ಬಡವರು ಎಲ್ಲಿ ಹೋಗಬೇಕಿತ್ತು?

ಸುಮಾರು ಇನ್ನೂರ ಎಪ್ಪತ್ತು ವರ್ಷಗಳಲ್ಲಿ ಎರಡು ಸಲ ಬೇರುಸಹಿತ ಹಾಳಾದರೂ ಎದ್ದ ಆಸ್ಪತ್ರೆ ಮೂರನೆಯ ಸಲ ಕಟ್ಟಡ ನಿಂತಿರುವಾಗಲೇ ಮುಚ್ಚಿಹೋಯಿತು. ನಮ್ಮ ಗಣಿಯ ಆಸ್ಪತ್ರೆಗೆ ಚಂಡಮಾರುತವೂ ಬರಲಿಲ್ಲ. ಎರಡೂ ಕಡೆ ಬೀಗ ಹಾಕಿದ್ದು ಪ್ರಕೃತಿಯಲ್ಲ. ಅಲ್ಲಿ ವಿಪತ್ತು ಆಸ್ಪತ್ರೆ ಮುಚ್ಚಲು ನೆಪವಾಯಿತು. ಇಲ್ಲಿ ಇಪ್ಪತ್ತು ವರ್ಷ ಮುಚ್ಚಿದ್ದನ್ನು ವಿಪತ್ತೇ ಬಂದು ತೆರೆಸಿತು.

2021ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ಮರೆತವರಿಲ್ಲ. ಕೊರೊನಾದ ಎರಡನೇ ಅಲೆಯಲ್ಲಿ ಹಾಸಿಗೆ ಇಲ್ಲ, ಆಮ್ಲಜನಕ ಇಲ್ಲ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಒಂದು ದಿನದೊಳಗೆ 24 ಜನ ಹೋದ ಸುದ್ದಿ ಬಂದಾಗ ಗಡಿಯ ಈಚೆಗೂ ಎದೆ ಒಡೆದಿತ್ತು. ಆಗ ಕೋಲಾರದ ಸಂಸದರಾಗಿದ್ದ ಎಸ್. ಮುನಿಸ್ವಾಮಿಯವರ ಮುಂದಾಳುತನದಲ್ಲಿ ನೂರಾರು ಸ್ವಯಂಸೇವಕರು ಬಿಜಿಎಂಎಲ್ ಆಸ್ಪತ್ರೆಯೊಳಗೆ ಹೊಕ್ಕರು. ಇಪ್ಪತ್ತು ವರ್ಷದ ಗಿಡಗಂಟಿ, ಬಾವಲಿ ಹಿಕ್ಕೆ, ಜೇಡರ ಬಲೆ. ಗುಡಿಸಿದರು, ತೊಳೆದರು, ಸುಣ್ಣ ಬಳಿದರು, ತಂತಿ ಎಳೆದರು, ನಲ್ಲಿ ಜೋಡಿಸಿದರು. ಸುಮಾರು ಎರಡು ವಾರಗಳಲ್ಲಿ ಆ ಕಟ್ಟಡ ಕೋವಿಡ್ ಆರೈಕೆ ಕೇಂದ್ರವಾಗಿ ಸಜ್ಜಾಯಿತು. 140 ವರ್ಷದ ಆಸ್ಪತ್ರೆಗೆ ಮರುಜೀವ ಎಂದು ಪತ್ರಿಕೆಗಳು ಬರೆದವು. ಆ ಕೆಲಸ ಮಾಡಿದ ಕೈಗಳಿಗೆ ಯಾವ ಪಕ್ಷದವರಾದರೂ ನಮಸ್ಕರಿಸಬೇಕು. ಅದೇ ಕೈಗಳು ಇನ್ನೊಂದನ್ನೂ ಸಾಬೀತು ಮಾಡಿದವು: ಎರಡು ವಾರದಲ್ಲಿ ತೆರೆಯಬಹುದಾಗಿದ್ದ ಬಾಗಿಲನ್ನು ಎರಡು ದಶಕ ಮುಚ್ಚಿಡಲಾಗಿತ್ತು. ಆ ಎರಡು ದಶಕಗಳಲ್ಲಿ ಉಸಿರು ಕಟ್ಟಿ ಸತ್ತ ಗಣಿಯವರ ಮನೆಮಂದಿ ಅಂದು ಆ ಸುಣ್ಣ ಬಳಿದ ಗೋಡೆಯನ್ನು ಏನೆಂದು ನೋಡಿರಬೇಕು. ಕೊರೊನಾ ಹುಡುಕಿ ಹೊಡೆದದ್ದೂ ಶ್ವಾಸಕೋಶಕ್ಕೇ. ದೂಳು ಕುಡಿದ ಎದೆಗಳ ಊರಿನಲ್ಲಿ ಅದು ಏನು ಮಾಡಿತೆಂದು ಬೇರೆಯಾಗಿ ಲೆಕ್ಕ ಹಾಕಬೇಕಾದ ಆಸ್ಪತ್ರೆಯೇ ಅಲ್ಲಿ ಇರಲಿಲ್ಲ.

ಅಲೆ ಇಳಿದ ಮೇಲೆ ಕೋವಿಡ್ ಕೇಂದ್ರಗಳು ನಾಡಿನುದ್ದಕ್ಕೂ ಒಂದೊಂದಾಗಿ ಕೆಲಸ ನಿಲ್ಲಿಸಿದವು. ಗಣಿಯ ಆಸ್ತಿಯ ಬಗ್ಗೆ ಮಾತ್ರ ಮಾತು ನಿಂತಿಲ್ಲ. 2013ರಲ್ಲೇ ಸುಪ್ರೀಂ ಕೋರ್ಟ್ ಜಾಗತಿಕ ಟೆಂಡರಿಗೆ ಒಪ್ಪಿಗೆ ಕೊಟ್ಟಿತ್ತು. 2018ರಲ್ಲಿ ಬಂದ ಸಿನಿಮಾದಿಂದ ಕೆಜಿಎಫ್ ಎಂಬ ಮೂರಕ್ಷರ ದೇಶಕ್ಕೆಲ್ಲ ಪರಿಚಯವಾಯಿತು. 2024ರ ಜೂನಿನಲ್ಲಿ ಕರ್ನಾಟಕದ ಸಚಿವ ಸಂಪುಟ ಸೈನೈಡ್ ಗುಡ್ಡಗಳೆಂದು ನಾವು ಕರೆಯುವ 13 ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ತೆಗೆಯುವ ಕೇಂದ್ರದ ಯೋಜನೆಗೆ ಒಪ್ಪಿತು. ಸಾವಿರ ಎಕರೆಗೂ ಮಿಕ್ಕಿದ ನೆಲದಲ್ಲಿ ಹರಡಿರುವ ಆ ದಿಬ್ಬಗಳು ಗಣಿಯವರು ಅರೆದು ಬಿಟ್ಟ ಬೆಣಚುಕಲ್ಲಿನ ಪುಡಿಯೇ. ಬೇಸಿಗೆಯ ಗಾಳಿ ಬೀಸಿದಾಗ ಅದು ಊರಿನ ಮೇಲೆ ಹಾರುವುದನ್ನು ಕಂಡವರು ನಾವು. ಅದನ್ನು ಮತ್ತೆ ಅಗೆಯುವುದು ಉದ್ಯೋಗ ತರುವುದಾದರೆ ಬೇಡ ಎನ್ನುವ ಹಕ್ಕು ದೂರ ಕೂತವರಿಗಿಲ್ಲ. ಬೆಂಗಳೂರಿಗೆ ಹೋಗಿ ಬರುವುದರಲ್ಲೇ ದಿನಕ್ಕೆ ಐದಾರು ಗಂಟೆ ರೈಲಿನಲ್ಲಿ ಕಳೆಯುವ ಹುಡುಗರಿಗೆ ಊರಿನಲ್ಲೇ ಕೆಲಸ ಬೇಕು.

ಆದರೆ ಈ ಸಲ ಆಸ್ಪತ್ರೆಯ ಮಾತು ಚಿನ್ನದ ಮಾತಿನ ನಂತರ ಬರಬಾರದು. ಟೆಂಡರಿನ ಷರತ್ತುಗಳಲ್ಲೇ ಅದು ಇರಬೇಕು. ದಿಬ್ಬಕ್ಕೆ ಮೊದಲ ಯಂತ್ರ ಹತ್ತುವ ಮುನ್ನ ಗಣಿಯ ಹಳೆಯ ಆಸ್ಪತ್ರೆಯಲ್ಲಿ ಒಂದು ಎದೆರೋಗ ವಿಭಾಗ ತೆರೆಯಬೇಕು. ಅಲ್ಲಿ ಹೊಸ ಕೆಲಸಗಾರರ ಎದೆಯ ಚಿತ್ರ ಮೊದಲ ದಿನವೇ ತೆಗೆದಿಡಬೇಕು. ಉಳಿದಿರುವ ಹಳೆಯ ಗಣಿಯವರನ್ನು, ಅವರು ಕೆಜಿಎಫ್‌ನಲ್ಲಿರಲಿ, ಕುಪ್ಪಂನಲ್ಲಿರಲಿ, ನಮ್ಮ ಕೃಷ್ಣಗಿರಿ ಜಿಲ್ಲೆಯ ಹಳ್ಳಿಗಳಲ್ಲಿರಲಿ, ಹುಡುಕಿ ಕರೆದು ಪರೀಕ್ಷಿಸಬೇಕು. ಮೂರು ರಾಜ್ಯಗಳ ಪಡಿತರ ಚೀಟಿಗಳು ಇದಕ್ಕೆ ಅಡ್ಡ ಬರಬಾರದು, ಏಕೆಂದರೆ ಅವರು ಕೆಲಸ ಮಾಡಿದ್ದು ಒಂದೇ ಗಣಿಯಲ್ಲಿ, ಅದು ಭಾರತ ಸರ್ಕಾರದ್ದು. ಇನ್ನೊಂದು ಮಾತು: ಗಣಿಯವರ ಮನೆಗಳ ಪೆಟ್ಟಿಗೆಗಳಲ್ಲಿ ಆ ಕಂದು ಲಕೋಟೆಗಳು ಇನ್ನೂ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ಪರಿಹಾರ ಕೇಳುವ ದಿನ ಬಂದಾಗ, ಎದೆ ಕೆಟ್ಟದ್ದು ಬೀಡಿಯಿಂದಲ್ಲ ಎಂದು ತೋರಿಸಲು ಆ ಚಿತ್ರವೂ ಅದರ ಮೂಲೆಯ ಟೋಕನ್ ನಂಬರೂ ಬೇಕಾಗುತ್ತವೆ.